ದೇವ್ರು ದಫನ ಆಗೋ ದಿನ

ಅಂದು ಗುರುವಾರ ಎನ್ನುವುದು ಲೋಬಾನದ ಹೊಗೆ ಮೂಗಿಗೆ ಬಂದಮೇಲೇ ನನಗೆ ನೆನಪಾಯಿತು. ಬಾಗಲಕೋಟೆಯ ನವನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಗಾಜಿನ ಕಟ್ಟೆಗೆ ಆತು ನಿಂತಿದ್ದೆ. ಹಳೆಯ ಫೋನಿನ ಪರದೆ ಒಡೆದಿತ್ತು. ಒಳಗಿದ್ದದ್ದನ್ನೆಲ್ಲ ಹೊಸ ಫೋನಿಗೆ ಹಾಕಿಕೊಡಿ ಎಂದು ಕೊಟ್ಟಿದ್ದೆ. ಹಸಿರು ರುಮಾಲಿನ ಫಕೀರನೊಬ್ಬ ಕೆಂಡದ ತಟ್ಟೆ ಹಿಡಿದು ಅಂಗಡಿಯಿಂದ ಅಂಗಡಿಗೆ ಬರುತ್ತಿದ್ದ. ಬಾಗಿಲಲ್ಲಿ ನಿಂತು ನವಿಲುಗರಿಯಿಂದ ಹೊಗೆಯನ್ನು ಒಳಕ್ಕೆ ಬೀಸಿದ. ಗಲ್ಲೆಯ ಮೇಲೆ ಲಕ್ಷ್ಮಿಯ ಫೋಟೊ ಇದ್ದ ಅಂಗಡಿ ಅದು. ರಿಪೇರಿಯವನು ಕೆಲಸದಿಂದ ಕಣ್ಣೆತ್ತದೆ, ಎಡಗೈಯಿಂದ ಹೊಗೆಯನ್ನು ಮುಖಕ್ಕೆ ತಂದುಕೊಂಡು ಹಣೆ ಮುಟ್ಟಿಕೊಂಡ.

ನಾನು ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈಗಲೂ ಹೀಗಾಗುತ್ತದೆ. ಆ ವಾಸನೆ ಎಂದರೆ ನನಗೆ ಮುಜಾವರ ಕಾಕಾ... ಹತ್ತಿಯ ಎಳೆ ಅಂಟಿದ ಅವರ ಅಂಗಿ, ಸಕ್ಕರೆಯ ತಾಟು, ಮತ್ತು ಒಳಗಿನಿಂದ ಚಿಲಕ ಹಾಕಿದ ಒಂದು ಬಾಗಿಲು.

ನಮ್ಮೂರು ಹುನಗುಂದ ತಾಲೂಕಿನದು, ರಾಮಥಾಳದ ದಾರಿಯ ಮೇಲಿದೆ. ನಾವು ಬೀರಪ್ಪನ ಒಕ್ಕಲು. ಅಪ್ಪ ಡೊಳ್ಳಿನ ಮೇಳದ ಹಿರಿಯ. ನಮ್ಮ ಗೋಡೆಗೆ ಹತ್ತಿಯೇ ಕಾಕಾನ ಮನೆ. ಅವರು ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ವರ್ಷವಿಡೀ ಇದ್ದ ಕೆಲಸ. ಮೊಹರಂ ಬಂದಾಗ ಮಾತ್ರ ಅವರು ಅಲಾಯಿ ಮನೆಯ ಸೇವೆ ನಡೆಸುವ ಮುಜಾವರ. ಅಲಾಯಿ ಮನೆ ಎಂದರೆ ಊರ ನಡುವಿನ ಒಂದೇ ಕೋಣೆ, ಎದುರಿಗೆ ಕೆಂಡ ಹಾಯುವ ಕುಣಿ. ಒಳಗೆ ಬಣ್ಣದ ಬಟ್ಟೆ ಉಟ್ಟು, ಬಿಚ್ಚಿದ ಅಂಗೈಯಂತೆ ನಿಂತ ಬೆಳ್ಳಿಯ ಪಂಜಾಗಳು.

ಪಂಜಾ ಎನ್ನುವ ಪದವನ್ನು ನಾನು ಕಲಿತದ್ದು ಕಾಲೇಜಿನಲ್ಲಿ. ಊರಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವು ದೇವ್ರು. ಮೊದಲ ದಿನ ದೇವ್ರು ಕುಂಡ್ರತಾವ, ನಡುವೆ ದೇವ್ರು ಏಳತಾವ, ಕಡೆಯ ದಿನ ದೇವ್ರು ದಫನ ಆಗತಾವ. ದಫನ ಅಂದರೆ ಹಳ್ಳಕ್ಕೆ ಒಯ್ದು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಂದಿನ ವರ್ಷದವರೆಗೆ ಪೆಟ್ಟಿಗೆಯಲ್ಲಿ ಮಲಗಿಸುವುದು. ನಮ್ಮ ಡೊಳ್ಳಿಲ್ಲದೆ ದೇವ್ರು ಅಲಾಯಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇದರಲ್ಲಿ ಸೌಹಾರ್ದ ಎಂಬುದೊಂದಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಆ ಪದ ಬ್ಯಾನರಿನ ಮೇಲೆ ಬಂದ ಹೊತ್ತಿಗೆ ಬ್ಯಾನರಿನ ಕೆಳಗೆ ಏನೂ ಉಳಿದಿರಲಿಲ್ಲ.

ನನಗಿಂತ ಮೊದಲು ಹುಟ್ಟಿದ ಕೂಸುಗಳು ಅವ್ವನಿಗೆ ದಕ್ಕಿರಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಳು. ನಾನು ಉಳಿದೆ. ಕಾಕಾ ನನ್ನ ಕೊರಳಿಗೆ ಕೆಂಪು ಹಸಿರು ದಾರದ ಲಾಡಿ ಹಾಕಿ, ಕಿವಿಯಲ್ಲಿ ಮೂರು ಸಲ ಹೆಸರು ಕೂಗಿದರಂತೆ. ಫಕೀರವ್ವ. ನಮ್ಮ ಕಡೆ ಓಣಿಗೊಬ್ಬ ಫಕೀರಪ್ಪ, ಹುಸೇನವ್ವ ಇದ್ದೇ ಇರುತ್ತಾರೆ. ಅವರು ಯಾವ ಗುಡಿಯ ಒಕ್ಕಲು ಎಂದು ಹೆಸರು ನೋಡಿ ಹೇಳಲಿಕ್ಕಾಗುವುದಿಲ್ಲ. ಪ್ರತಿ ವರ್ಷ ಕಡೆಯ ದಿನ ನಾನು ಒಯ್ದ ಸಕ್ಕರೆಯನ್ನು ಕಾಕಾ ಮೊದಲು ಓದಿಸಬೇಕು, ಅಂದರೆ ಅದರ ಮೇಲೆ ಫಾತೆಹಾ ಹೇಳಿ ಒಂದು ಚಿಟಿಕೆ ನನ್ನ ಬಾಯಿಗೆ ಹಾಕಬೇಕು. ಆಮೇಲೆಯೇ ದೇವ್ರು ಹೆಗಲೇರಿ ದಫನಕ್ಕೆ ಏಳುವುದು. ಇದು ಹರಕೆಯ ಕರಾರು.

ಬಾಗಲಕೋಟೆಯಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಗ ಒಮ್ಮೆ ರಜೆಗೆ ಬಂದಿದ್ದೆ. ಕಾಕಾ ನಮ್ಮ ಕಟ್ಟೆಯ ಮೇಲೆ ಗಾದಿ ಹೊಲಿಯುತ್ತ ಕೂತಿದ್ದರು.

“ಏನ್ ಓದಾಕತ್ತೀಯವಾ ಈ ಸಲ? ಪುಸ್ತಕ ಭಾಳ ದಪ್ಪ ಐತಲ್ಲ.”

“ಇಸ್ಲಾಂ ಮತ್ತ ರಾಜಕೀಯ ಕಾಕಾ. ಇಂಗ್ರೇಜರು, ಫ್ರೆಂಚರು ಬಿಟ್ಟು ಹ್ವಾದ ದೇಶದಾಗ ಏನೇನಾತು ಅಂತ. ಈಜಿಪ್ಟ, ಪಾಕಿಸ್ತಾನ, ಇಂಡೋನೇಶಿಯಾ...”

“ನಮ್ಮೂರ ಐತೇನು ಅದರಾಗ?”

“ಇಲ್ಲ.”

“ಹಂಗಾರ ಬಿಡು. ಇಸ್ಲಾಂ ನನಗ ಅರ್ಧಾ ಗೊತ್ತು, ರಾಜಕೀಯ ಒಟ್ಟಾ ಗೊತ್ತಿಲ್ಲ. ಎರಡೂ ಕೂಡಿದ್ದು ನೀನ ಓದು, ಪಾಸಾಗು.” ದಾರ ಹಲ್ಲಿನಿಂದ ಕಡಿದು ನಕ್ಕರು.

ನಾನು ಪಾಸಾದೆ. ಆ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂದವು. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಧರ್ಮದ ಹೆಸರಿನಲ್ಲಿ ಮಾತಾಡುವವನೊಬ್ಬ ಸರಕಾರಕ್ಕೂ ಬೇಕಾಗುತ್ತಾನೆ, ಸರಕಾರದ ವಿರೋಧಿಗಳಿಗೂ ಬೇಕಾಗುತ್ತಾನೆ ಎಂದು ಬರೆದಿದ್ದೆ. ಅದೇ ಹೊತ್ತಿಗೆ ನಮ್ಮೂರಲ್ಲಿ ಅಂಥವನೊಬ್ಬ ತಯಾರಾಗುತ್ತಿದ್ದ. ರಸ್ತೆ, ಗಟಾರದ ಕೆಲಸ ಹಿಡಿಯುವ ಗುತ್ತಿಗೆದಾರ ಅವನು; ಕಾಕಾನ ದೂರದ ಸಂಬಂಧಿ. ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು, ‘ಸಮಾಜದ ಮುಖಂಡ’ ಎಂದು ಫ್ಲೆಕ್ಸ್ ಹಾಕಿಸಿಕೊಂಡಿದ್ದ. ಮುಖಂಡನಾಗಬೇಕಾದರೆ ಮೊದಲು ಸಮಾಜ ಒಂದು ಸಾಲಿನಲ್ಲಿ ನಿಲ್ಲಬೇಕು. ಊರ ಹೊರಗೆ ಕಟ್ಟಿದ ಹೊಸ ಮಸೀದಿಗೆ ಎಲ್ಲಿಂದಲೋ ತರುಣ ಉಪದೇಶಕನೊಬ್ಬ ಬಂದಿದ್ದ. ತಗಡಿಗೆ ದೇವರು ಅನ್ನುವುದು ಮಹಾಪಾಪ, ಪಿಂಜಾರರಿಗೆ ಧರ್ಮವೇ ಗೊತ್ತಿಲ್ಲ ಎಂದು ಅವನು ಹೇಳುತ್ತಿದ್ದ. ಗುತ್ತಿಗೆದಾರ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದ.

ಇನ್ನೊಂದು ಕಡೆ ನಮ್ಮ ಓಣಿಯವನೇ ಒಬ್ಬ. ಅಪ್ಪನ ಮೇಳದಲ್ಲಿ ಡೊಳ್ಳು ಕಲಿತವನು, ಚಿಕ್ಕಂದಿನಲ್ಲಿ ನನ್ನ ಹಾಗೆಯೇ ಲಾಡಿ ಹಾಕಿಕೊಂಡು ಫಕೀರನಾದವನು. ಈಗ ಹಣೆಗೆ ಉದ್ದನೆಯ ನಾಮ ಎಳೆದು, ತರುಣರ ಸಂಘ ಕಟ್ಟಿ, ಅವನೂ ಚುನಾವಣೆಗೆ ನಿಲ್ಲುವವನಿದ್ದ. ಸಾಬರ ಹಬ್ಬಕ್ಕೆ ಬೀರಪ್ಪನ ಡೊಳ್ಳು ಯಾಕೆ ಎಂದು ಅವನು ಕೇಳತೊಡಗಿದ.

“ಅವರ ಕಣ್ಣಾಗ ನಾ ಪೂರಾ ಸಾಬ ಅಲ್ಲ,” ಎಂದಿದ್ದರು ಕಾಕಾ ಅಪ್ಪನೆದುರು. “ಇವರ ಕಣ್ಣಾಗ ಬರೇ ಸಾಬ. ನಾ ಏನಂತ ಸಾಯಲೋ ಮಾರಾಯಾ?”

“ನೀ ಸಾಯಬ್ಯಾಡ. ಮೊದ್ಲ ನನ್ನ ಗಾದಿ ಹೊಲದ ಕೊಡು. ಎರಡ ತಿಂಗಳಾತು ನೆಲದ ಮ್ಯಾಲ ಮನಗಾಕತ್ತು,” ಎಂದರು ಅಪ್ಪ.

ಇಬ್ಬರೂ ನಕ್ಕರು. ಅಷ್ಟಕ್ಕೆ ಮುಗಿಯುತ್ತದೆ ಎಂದು ನಾವು ತಿಳಿದಿದ್ದೆವು...

ಆ ವರ್ಷದ ಮೊಹರಮ್ಮಿನಲ್ಲಿ, ದಫನದ ಹಿಂದಿನ ದಿನ ಕಾಕಾ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಮಾತು ಹಾಕಿದರು. ಬರೆಯಲು ಬರುತ್ತಿರಲಿಲ್ಲ, ಗುಂಡಿ ಒತ್ತಿ ಹಿಡಿದು, ಮೈಕಿನಲ್ಲಿ ಕೂಗುವವರ ಹಾಗೆ ಮಾತಾಡುತ್ತಿದ್ದರು. ಆ ಮಾತು ನನಗೆ ಬಾಯಿಪಾಠವಾಗಿದೆ.

“ಎಲ್ಲಾ ಹಿರ್ಯಾರಿಗೂ ಮುಜಾವರನ ಶರಣ್ರಿ. ನಾಳಿ ಹೊತ್ತ ಮುಳಗೂದ್ರಾಗ ದೇವ್ರನ್ನ ದಫನ ಮಾಡೂದೈತಿ. ಡೊಳ್ಳಿನವ್ರು ಹ್ವಾದ ವರ್ಸದಂಗ ತಡಾ ಮಾಡಬ್ಯಾಡ್ರಿ. ಫಕೀರವ್ವ ಬಾಗಲಕೋಟಿಂದ ಬರಾಕತ್ತಾಳ, ಆಕಿ ಸಕ್ಕರಿ ಓದಿಸಿದ ಮ್ಯಾಲ ಏಳೂದು. ನಮ್ಮಾಕಿ ಬರೂತನಾ ಯಾರೂ ಗದ್ಲಾ ಮಾಡಬಾರ್ದು ಮತ್ತ!”

ಮರುದಿನ ನಾನು ಬಸ್ಸಿನಲ್ಲಿದ್ದೆ. ಮಡಿಲಲ್ಲಿ ಸಕ್ಕರೆಯ ಚೀಲ. ಹುನಗುಂದ ಇನ್ನೂ ದೂರವಿತ್ತು. ಹಿಂದಿನ ಸೀಟಿನಲ್ಲಿ ಯಾರದೋ ಫೋನಿನಿಂದ ಕಾಕಾನ ದನಿ ಕೇಳಿ ನಾನು ನಗುತ್ತ ತಿರುಗಿದೆ. ಒಂದೇ ವಾಕ್ಯ. ನಾಳಿ ಹೊತ್ತ ಮುಳಗೂದ್ರಾಗ ದೇವ್ರನ್ನ ದಫನ ಮಾಡೂದೈತಿ. ಮತ್ತೆ ಅದೇ ವಾಕ್ಯ. ಪರದೆಯ ಮೇಲೆ ಬಾದಾಮಿ ಕಡೆಯ ಯಾವುದೋ ಹಳೆಯ ಗುಡಿಯ ಚಿತ್ರ, ಅದರ ಮೇಲೆ ಕೆಂಪು ಅಕ್ಷರ: ಇವರು ನಮ್ಮ ದೇವರನ್ನು ಹೂಳುತ್ತಾರಂತೆ, ನಾವು ಸುಮ್ಮನಿರಬೇಕೆ?

“ಎಷ್ಟ ಸೊಕ್ಕ ನೋಡ್ರಿ,” ಎಂದರು ಫೋನಿನ ಹೆಂಗಸು, ನನಗೇ.

“ಅದು ಹಂಗಲ್ರಿ, ಅದು ಅಲಾಯಿ ದೇವ್ರು...” ಎಂದೆ.

“ದನಿ ಕೇಳಸಾಕತ್ತೈತಿಲ್ಲೋ? ಅವನ ಬಾಯಿಲೇ ಅಂದಾನಲ್ಲ.”

ಅವರ ಬಾಯಿಂದಲೇ ಬಂದದ್ದು ನಿಜ. ಸುಳ್ಳಾಗಿದ್ದರೆ ಸುಳ್ಳೆನ್ನಬಹುದಿತ್ತು. ಬಾದಾಮಿಯಲ್ಲೋ ಬಾಗಲಕೋಟೆಯಲ್ಲೋ ಇದ್ದವರಿಗೆ ಈ ಮಾತು ತಿಳಿಯದೆ ಹೋಗಿರಬಹುದು, ಒಪ್ಪುತ್ತೇನೆ. ಆದರೆ ಅದನ್ನು ಕತ್ತರಿಸಿದವನಿಗೆ, ನಮ್ಮ ಓಣಿಯ ಆ ಸಂಘದವನಿಗೆ, ತಿಳಿದಿತ್ತು. ದಫನದ ದಿನ ಹಳ್ಳದ ದಂಡೆಯಲ್ಲಿ ನನ್ನ ಪಕ್ಕ ಕೂತು ಮೊಹರಮ್ಮಿನ ಸಿಹಿ ಚೊಂಗೆ ತಿಂದವನು ಅವನು. ಎಲ್ಲಿ ಕತ್ತರಿಸಬೇಕು ಎಂದು ತಿಳಿಯಬೇಕಾದರೆ ಪೂರ್ತಿ ಅರ್ಥ ಗೊತ್ತಿರಬೇಕು.

ಊರು ಮುಟ್ಟಿದಾಗ ಅಂಗಡಿಗಳು ಬಾಗಿಲು ಹಾಕಿದ್ದವು. ಡೊಳ್ಳಿನ ದನಿ ಇರಲಿಲ್ಲ. ಅಪ್ಪನನ್ನೂ ಮೇಳದವರನ್ನೂ ಸಂಘದ ಹುಡುಗರು ಬೀರಪ್ಪನ ಗುಡಿಯಲ್ಲಿ ತಡೆದು ಕೂರಿಸಿದ್ದರು ಎಂದು ಆಮೇಲೆ ತಿಳಿಯಿತು. ನಾನು ನೇರ ಅಲಾಯಿ ಮನೆಗೆ ಹೋದೆ. ಕಾಕಾ ಒಬ್ಬರೇ ಇದ್ದರು. ಅವರ ಕಡೆಯವರೂ ಯಾರೂ ಬಂದಿರಲಿಲ್ಲ. ಇವತ್ತು ಅಲಾಯಿ ಮನೆಗೆ ಹೋದವನು ಸಮಾಜದವನಲ್ಲ ಎಂದು ಗುತ್ತಿಗೆದಾರ ಮನೆಮನೆಗೆ ಹೇಳಿ ಬಂದಿದ್ದ.

“ಬಂದೇನವಾ? ತಡಾ ಆತಲ್ಲ,” ಎಂದರು. “ತಾ, ಸಕ್ಕರಿ ಓದಸತೇನಿ.”

“ಕಾಕಾ, ಫೋನ್ ನೋಡೀರೇನು?”

“ನೋಡೇನಿ. ನಿಮ್ಮಪ್ಪ ಬರಲಿ. ಅಂವ ಬಂದು ಡೊಳ್ಳ ಬಾರಿಸಿದ್ರ ಎಲ್ಲಾರಿಗೂ ತಿಳೀತೈತಿ.”

ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ಯಾವ ದೇವ್ರು, ಎಂಥ ದಫನ ಎಂದು ಡೊಳ್ಳು ಕೇಳಿದವರಿಗೆ ತಿಳಿದುಬಿಡುತ್ತದೆ ಎಂದು. ಲೋಬಾನ ಹಾಕಿ, ಕಣ್ಣು ಮುಚ್ಚಿ ತಾಟಿನ ಮುಂದೆ ಕೂತರು. ಅರ್ಧ ಓದಿದ್ದರು, ಬೈಕುಗಳ ಸದ್ದು ಬಂತು. ನಾನೇ ಎದ್ದು ಚಿಲಕ ಹಾಕಿದೆ.

ಮೊದಲು ಕಲ್ಲು ಬಿದ್ದವು. ಹಂಚು ಒಡೆದು ಒಂದು ತುಂಡು ಸಕ್ಕರೆಯ ತಾಟಿಗೆ ಬಿತ್ತು. ಆಮೇಲೆ ಬಾಗಿಲಿಗೆ ಒದೆತ. ಕದದ ಸಂದಿಯಲ್ಲಿ ಕಂಡ ಮುಖಗಳು ನಮ್ಮೂರಿನವಲ್ಲ. ಪೆಟ್ರೋಲಿನ ವಾಸನೆ ಲೋಬಾನದ ಜೊತೆ ಕೂಡಿತು.

“ಯಾರ ಅದೀರಿ ಒಳಗ? ಹೆಸರ ಹೇಳ್ರಿ!”

ನಾನು ಕೂಗಿದೆ. ಹುಟ್ಟಿದಾಗಿನಿಂದ ನನ್ನನ್ನು ಕಾದ ಹೆಸರು ಅದು; ಬೇರೆ ಯಾವ ಹೆಸರೂ ನನಗಿರಲಿಲ್ಲ. “ಫಕೀರವ್ವ!”

ಹೊರಗೆ ಒದೆತ ನಿಂತಿತು. ಆಮೇಲೆ ನಗು. “ಫಕೀರನಂತ ಲೇ! ಹೆಂಗಸೂ ಐತಿ ಒಂದು. ಹಚ್ಚು, ಹಚ್ಚು.”

ನಾನು ಬೀರಪ್ಪನ ಒಕ್ಕಲು, ನಾನು ಇಂಥವರ ಮಗಳು ಎಂದು ಹೇಳಬೇಕಿತ್ತು. ಹೇಳದೆ ಕದಕ್ಕೆ ಬೆನ್ನು ಕೊಟ್ಟು ನಿಂತೆ. ಕಾಕಾ ನನ್ನನ್ನು ನೋಡಿದರು. ಆ ನೋಟ... ಸಿಟ್ಟಲ್ಲ, ಹೆದರಿಕೆಯೂ ಅಲ್ಲ. ಲೆಕ್ಕ ತಪ್ಪಿದವರ ನೋಟ. ಆ ಹೆಸರನ್ನು ಇಟ್ಟವರು ಅವರೇ ಅಲ್ಲವೇ? ಎದ್ದರು. ನನ್ನನ್ನು ಗೋಡೆಗೆ ತಳ್ಳಿ, ಚಿಲಕ ತೆಗೆದು, ಎರಡೂ ಕೈ ಮೇಲೆತ್ತಿ ಹೊಸ್ತಿಲ ಮೇಲೆ ನಿಂತರು.

“ಆಕಿ ನಮ್ಮಾಕಿ ಅಲ್ರಪ್ಪಾ! ಆಕಿ ಕುರುಬರ ಹುಡುಗಿ, ನಿಮ್ಮಾಕಿ. ನಮಗೂ ಆಕಿಗೂ ಸಂಬಂಧ ಇಲ್ಲ. ಆಕೀನ್ನ ಕಳಸ್ರಿ. ಸಾಬ ನಾ ಒಬ್ಬನ ಅದೇನಿ.”

ನನ್ನನ್ನು ಯಾರೋ ತೋಳು ಹಿಡಿದು ಎಳೆದು ದೂರ ಬಿಟ್ಟರು. “ಹೋಗವಾ ತಂಗಿ, ಮನಿಗೆ ಹೋಗು,” ಎಂದ ಒಬ್ಬ, ಬಹಳ ಮರ್ಯಾದೆಯಿಂದ. ಅದೇ ಕೈಯಲ್ಲಿ ಕಟ್ಟಿಗೆ ಇತ್ತು. ನಾನು ಹೋಗಲಿಲ್ಲ. ಅಪ್ಪ ಗುಡಿಯ ಗೋಡೆ ಹಾರಿ, ಡೊಳ್ಳಿನ ಗುಣಿಕೋಲನ್ನೇ ಬೀಸುತ್ತ ಓಡಿಬಂದು ಕಾಕಾನ ಮೇಲೆ ಬಿದ್ದರು. ಆಮೇಲೆ ಪೊಲೀಸ್ ಜೀಪು ಬಂತು. ಕಾಕಾ ಸಾಯಲಿಲ್ಲ. ತಲೆಗೆ ಹೊಲಿಗೆ ಬಿದ್ದವು, ಒಂದು ಕಿವಿ ಹೋಯಿತು.

ಮುಂದೆ ನಡೆದದ್ದನ್ನು ಬರೆಯಲು ನನಗೆ ಇನ್ನೂ ಹೆಚ್ಚು ಹೇಸಿಗೆ.

ಪಂಚಾಯಿತಿ ಕಚೇರಿಯಲ್ಲಿ ಶಾಂತಿ ಸಭೆ ಸೇರಿತು. ಅಧಿಕಾರಿಯೊಬ್ಬರು ನಡುವೆ ಕೂತಿದ್ದರು. ಒಂದು ಪಕ್ಕ ಗುತ್ತಿಗೆದಾರ, ಇನ್ನೊಂದು ಪಕ್ಕ ಸಂಘದವನು; ಎರಡು ಸಮಾಜದ ಮುಖಂಡರೆಂದು ಇಬ್ಬರ ಮುಂದೆಯೂ ಚಹಾ ಇಟ್ಟಿದ್ದರು. ತಲೆಗೆ ಪಟ್ಟಿ ಕಟ್ಟಿದ್ದ ಕಾಕಾ ಅಪ್ಪನ ಹೆಗಲು ಹಿಡಿದು ಬಂದು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ನಾನು ಅಪ್ಪನ ಹಿಂದೆ ನಿಂತಿದ್ದೆ. ಹೊಡೆದವರು ಯಾರು ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಕಾಕಾ ಒಂದು ವಿಡಿಯೊ ಮಾಡಿಕೊಟ್ಟರೆ ಎಲ್ಲವೂ ತಣ್ಣಗಾಗುತ್ತದೆ ಎಂದು ಅಧಿಕಾರಿ ಹೇಳಿದರು. ಅವು ದೇವರಲ್ಲ ಎಂದು ಒಂದು ಮಾತು ಹೇಳಬೇಕು, ಅಷ್ಟೇ.

“ಅನ್ನು ಕಾಕಾ,” ಎಂದ ಗುತ್ತಿಗೆದಾರ. “ಖರೇನ ಐತಲ್ಲ ಅದು. ನಮ್ಮ ದೀನ್‌ದಾಗೂ ಹಂಗ ಐತಿ. ಇಷ್ಟ ದಿನಾ ನೀನ ತಪ್ಪ ಅಂದಿ.”

“ಹೌದ್ರಿ, ದೇವ್ರು ಅನ್ನೂದು ನಮ್ಮ ಶಬ್ದ,” ಎಂದ ಸಂಘದವನು. “ನಮ್ಮ ಶಬ್ದ ನಮಗ ಬಿಟ್ಟಕೊಡ್ರಿ, ಮುಗೀತು.”

ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದಿದ್ದ ಆ ಇಬ್ಬರೂ ಅದೊಂದು ವಾಕ್ಯಕ್ಕಾಗಿ ಒಟ್ಟಿಗೆ ಬಾಗಿ ಕೂತಿದ್ದರು. ನನ್ನ ಪಠ್ಯಪುಸ್ತಕ ನನಗೆ ಇದನ್ನು ಹೇಳಿರಲಿಲ್ಲ. ಅವರು ಜಗಳವಾಡುವುದು ನಮ್ಮೆದುರಿಗೆ. ಕಾಕಾನಂಥವರು ಇರಬಾರದು ಎನ್ನುವಲ್ಲಿ ಅವರಿಗೆ ಜಗಳವೇ ಇಲ್ಲ.

ಕಾಕಾ ಒಳ್ಳೆಯ ಕಿವಿಯನ್ನು ಅಧಿಕಾರಿಯ ಕಡೆ ತಿರುಗಿಸಿ ಕೇಳಿದರು, “ಹಂಗಾರ ನಮ್ಮಪ್ಪ, ನಾ, ಇಷ್ಟ ವರ್ಸಾ ಹೆಗಲ ಮ್ಯಾಲ ಹೊತ್ತದ್ದು ಏನಂತ ಹೇಳಲ್ರಿ?”

ಅಧಿಕಾರಿ ಗಡಿಯಾರ ನೋಡಿದರು. “ಏನರ ಅನ್ರಿ ಅಜ್ಜಾ. ತಗಡು ಅನ್ರಿ.”

ಅಪ್ಪ ಕಾಕಾನ ಕೈ ಒತ್ತಿದರು, ಬೇಡ ಎನ್ನುವ ಹಾಗೆ. ಕಾಕಾ ನನ್ನ ಕಡೆ ನೋಡಿದರು. ಓಣಿಯಲ್ಲಿ ಇನ್ನೂ ಬೈಕುಗಳು ತಿರುಗುತ್ತಿದ್ದವು, ಅವರಿಗೆ ಅದು ಗೊತ್ತಿತ್ತು. ಗುತ್ತಿಗೆದಾರ ಫೋನು ಎತ್ತಿ ಹಿಡಿದ.

“ಅವು ದೇವ್ರಲ್ರಿ,” ಎಂದರು ಕಾಕಾ. “ತಗಡು.”

ಆ ವಿಡಿಯೊ ಕೂಡ ಊರೂರು ತಿರುಗಿತು. ಒಂದು ಕಡೆಯವರು ‘ಕೊನೆಗೂ ಒಪ್ಪಿಕೊಂಡ’ ಎಂದು ಬರೆದರು. ಇನ್ನೊಂದು ಕಡೆಯವರು ‘ಕೊನೆಗೂ ಸರಿದಾರಿಗೆ ಬಂದರು’ ಎಂದು ಬರೆದರು. ಚುನಾವಣೆಯಲ್ಲಿ ಇಬ್ಬರೂ ತಮ್ಮ ತಮ್ಮ ವಾರ್ಡಿನಿಂದ ಗೆದ್ದರು. ಅಲಾಯಿ ಕುಣಿಯನ್ನು ಮುಚ್ಚಿ ಸಿಮೆಂಟಿನ ಕಲ್ಲು ಹಾಸಿ, ಎತ್ತರದ ದೀಪದ ಕಂಬ ನಿಲ್ಲಿಸಿದರು. ಕೆಲಸ ಹಿಡಿದವನು ಗುತ್ತಿಗೆದಾರ, ಉದ್ಘಾಟನೆಯ ಟೇಪು ಕತ್ತರಿಸಿದವನು ಸಂಘದವನು. ಕತ್ತರಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅಪ್ಪ ಆಮೇಲೆ ಡೊಳ್ಳು ಮುಟ್ಟಲಿಲ್ಲ.

ಕಾಕಾ ಇಳಕಲ್ಲಿನಲ್ಲಿದ್ದ ಮಗಳ ಮನೆಗೆ ಹೋದರು. ನಾನು ಒಮ್ಮೆ ಹುಡುಕಿಕೊಂಡು ಹೋದೆ. ಅಳಿಯ ಸೀರೆ ನೇಯುತ್ತಿದ್ದ. ಮಗ್ಗದ ಸದ್ದಿಗೆ ಕಾಕಾ ತಮ್ಮ ಕೇಳದ ಕಿವಿಯನ್ನು ಕೊಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗಡ್ಡ ಬಿಟ್ಟಿದ್ದರು. ನಾನು ಹೋಗಿ ಎದುರಿಗೆ ನಿಂತೆ.

“ಬರ್ರಿ ಮೇಡಮ್ಮಾರ,” ಎಂದರು. “ಕುಂದ್ರಿ. ಚಾ ತಗೋರಿ.”

ಹುಟ್ಟಿದಾಗಿನಿಂದ ಬಾರವಾ, ಕೂಡವಾ, ತಿನ್ನವಾ ಎಂದವರು ನನಗೆ ರೀ ಹಚ್ಚಿ ಮಾತಾಡಿಸಿದರು. ನಾನು ಒಯ್ದಿದ್ದ ಸಕ್ಕರೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ. “ಕಾಕಾ, ಅವತ್ತ ಅರ್ಧಾ ಉಳೀತಲ್ಲ, ಓದಸ್ರಿ,” ಎಂದೆ. ಅವರು ಚೀಲ ನೋಡಿದರು. ಕೈ ಸ್ವಲ್ಪ ಮುಂದೆ ಬಂತು. ಬಾಗಿಲ ಕಡೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

“ನಿಮಗ ಅದೆಲ್ಲಾ ಯಾಕ ಬೇಕ್ರಿ ಈಗ? ಓದಿದವ್ರು ನೀವು. ಹೆಸರರ ಬದಲೀ ಮಾಡ್ಕೋರಿ. ಚಂದಂದು ಒಂದು ಇಟಗೋರಿ.”

ಅದೇ ಕೊನೆ. ಆ ಚಳಿಗಾಲ ದಾಟುವುದರೊಳಗೆ ಹೋದರು. ಸುದ್ದಿ ತಡವಾಗಿ ಬಂತು. ಅಷ್ಟರಲ್ಲಿ ದಫನ ಆಗಿತ್ತು. ಆ ಪದವನ್ನು ಮಗಳು ಫೋನಿನಲ್ಲಿ ಸಹಜವಾಗಿ ಹೇಳಿದಳು. ನಾನು ಗೋಡೆಗೆ ಆತು ಕೂತುಬಿಟ್ಟೆ.

“ಮೇಡಂ, ಇಲ್ಲಿ ಆಡಿಯೊ ಭಾಳ ಅದಾವ್ರಿ,” ಎಂದ ರಿಪೇರಿಯವನು. ಫಕೀರ ಪಕ್ಕದ ಅಂಗಡಿಗೆ ದಾಟಿದ್ದ; ಹೊಗೆ ಮಾತ್ರ ಉಳಿದಿತ್ತು. “ಒಂದ ಸಣ್ಣಂದು ಹತ್ತಾರ ಮಂದಿ ಕಳಿಸ್ಯಾರ, ಎಲ್ಲಾ ಒಂದ ಅದಾವ. ಅದೇ ದನೀದು ಉದ್ದಂದು ಒಂದ ಐತಿ. ಯಾವ್ದ ಇಡ್ಲಿ, ಯಾವ್ದ ತಗೀಲಿ?”

“ಉದ್ದಂದು ಇಡ್ರಿ,” ಎಂದೆ.

ಉದ್ದದ್ದು ಓಣಿಯ ಎಲ್ಲರ ಫೋನಿನಲ್ಲೂ ಇತ್ತು. ಅಂದು ಅದನ್ನು ಒತ್ತಿ ಕೇಳಿದ್ದರೆ ಸಾಕಿತ್ತು. ನಮ್ಮಾಕಿ ಬರೂತನಾ ಯಾರೂ ಗದ್ಲಾ ಮಾಡಬಾರ್ದು ಮತ್ತ... ಎಲ್ಲರಿಗೂ ಅದು ಗೊತ್ತಿತ್ತು, ಯಾರಿಗೂ ಬೇಕಾಗಿರಲಿಲ್ಲ.

ರಿಪೇರಿಯವನು ಚೀಟಿಯ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಹಲ್ಲಿನಿಂದ ಎಳೆದ. “ಸಂಜೀಕ ಬಂದ ಒಯ್ರಿ. ಹೆಸರ ಹೇಳ್ರಿ ಮೇಡಂ.”

ನಾನು ಬಾಗಿಲ ಕಡೆ ನೋಡಿದೆ. ರಸ್ತೆಯಲ್ಲಿ ಎರಡು ಬೈಕು ನಿಂತಿದ್ದವು. ಹುಡುಗರು ಏನೋ ನೋಡಿ ನಗುತ್ತಿದ್ದರು. ಏನಿಲ್ಲ, ಬರೀ ಹುಡುಗರು.

“ಎಫ್ ಅಂತ ಬರ್ಕೋರಿ.”

“ಎಫ್ ಅಂದ್ರ?”

“ಎಫ್,” ಎಂದೆ. “ಅಷ್ಟ ಸಾಕು.”